ಪೆನ್ಸಿಲ್ ನೀಹಾರಿಕೆ ಬೇಕಾದರೆ ದಕ್ಷಿಣಕ್ಕೆ ತಿರುಗಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹೊಸದಾಗಿ ಟೆಲಿಸ್ಕೋಪು ಕೊಂಡವರು ಯಾರಾದರೂ 'ಯಾವುದರ ಫೋಟೋ ತೆಗೆಯಲಿ' ಅಂತ ಕೇಳಿದರೆ ನಾನು ಹೇಳುವುದು ಒಂದೇ ಮಾತು. ದಕ್ಷಿಣಕ್ಕೆ ತಿರುಗಿಸಿ. ಒರಾಯನ್, ಆಂಡ್ರೊಮಿಡಾ ಎಲ್ಲ ಚೆಂದವೇ, ತೆಗೆಯಬೇಡಿ ಅಂತಲ್ಲ. ಆದರೆ ಯೂಟ್ಯೂಬಿನಲ್ಲಿ ನಾವು ನೋಡಿ ಕಲಿಯುವ ಪಾಠಗಳಲ್ಲಿ ಜಾಸ್ತಿ ಯುರೋಪು, ಅಮೆರಿಕದವರದ್ದು. ಅವರು ತಮ್ಮ ಆಕಾಶದಲ್ಲಿ ಇರುವುದನ್ನು ತೋರಿಸುತ್ತಾರೆ, ಅದು ಸಹಜ. ನಮ್ಮ ಆಕಾಶ ಬೇರೆ. ನಾವಿರುವುದು ಭೂಮಧ್ಯರೇಖೆಯಿಂದ ಬರೀ ಹದಿನಾಲ್ಕೂವರೆ ಡಿಗ್ರಿ ಉತ್ತರಕ್ಕೆ. ಲಂಡನ್ನಿನಲ್ಲಿ ಎಂದೂ ಹುಟ್ಟದ ನಕ್ಷತ್ರಗಳು ನಮ್ಮ ಅಡಿಕೆ ತೋಟದ ಮೇಲೆ ಹಾದುಹೋಗುತ್ತವೆ. ಚಳಿಗಾಲದ ರಾತ್ರಿ ಅಂಗಳಕ್ಕೆ ಬಂದರೆ ಅಗಸ್ತ್ಯ ನಕ್ಷತ್ರ ಎದುರಿಗೇ ಇರುತ್ತದೆ, ನಮಗೆ ಅದು ಎಷ್ಟು ಮಾಮೂಲು ಅಲ್ವಾ? ಅಲ್ಲಿಯವರು ಅದನ್ನು ನೋಡಬೇಕಾದರೆ ವಿಮಾನ ಹತ್ತಬೇಕು.

ನಾನು ಈ ಸಲ ಬೆನ್ನು ಹತ್ತಿದ್ದು ವೇಲಾ ನಕ್ಷತ್ರಪುಂಜದ ಪೆನ್ಸಿಲ್ ನೀಹಾರಿಕೆಯನ್ನು. ನೀಹಾರಿಕೆ ಅಂದರೆ ಆಕಾಶದಲ್ಲಿ ಹರಡಿದ ಅನಿಲದ ಮೋಡ. ಖಗೋಳ ವಿಜ್ಞಾನಿಗಳ ಪಟ್ಟಿಯಲ್ಲಿ ಇದರ ಹೆಸರು ಎನ್‌ಜಿಸಿ 2736. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಅಗಸ್ತ್ಯನ ಎಡಗಡೆ ವೇಲಾ ಬರುತ್ತದೆ. ಅದರಲ್ಲಿ ಸುಹೈಲ್ ಅಂತ ಒಂದು ಕಿತ್ತಳೆ ಛಾಯೆಯ ನಕ್ಷತ್ರ ಇದೆ. ಅದರಿಂದ ಮೂರು ಡಿಗ್ರಿಯ ಒಳಗೇ ಪೆನ್ಸಿಲ್ ಇದೆ. ಬರಿಗಣ್ಣಿಗೆ ಮಾತ್ರ ಅಲ್ಲಿ ಏನೂ ಇಲ್ಲ, ಖಾಲಿ ಕತ್ತಲು.

ಆ ಕತ್ತಲಲ್ಲಿ ಏನಾಗಿದೆ ಅಂದರೆ, ಸುಮಾರು 11,000 ವರ್ಷಗಳ ಹಿಂದೆ ಒಂದು ದೊಡ್ಡ ನಕ್ಷತ್ರ ಸಿಡಿದಿದೆ. ಸಿಡಿದಾಗ ಹೊರಟ ಆಘಾತದ ಅಲೆ ಇನ್ನೂ ನಿಂತಿಲ್ಲ, ಹರಡುತ್ತಲೇ ಇದೆ. ಈಗ ಅದು ಆಕಾಶದಲ್ಲಿ ಎಂಟು ಡಿಗ್ರಿ ಅಗಲಕ್ಕೆ ಹರಡಿಕೊಂಡಿದೆ. ಎಂಟು ಡಿಗ್ರಿ ಅಂದರೆ ಹದಿನಾರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಸಿಡಿದ ನಕ್ಷತ್ರದ ಒಳತಿರುಳು ಈಗ ಪಲ್ಸಾರ್ ಆಗಿ, ಅಂದರೆ ರೇಡಿಯೋ ಮಿಡಿತ ಬಿಡುವ ಪುಟ್ಟ ದಟ್ಟ ಉಂಡೆಯಾಗಿ ಉಳಿದಿದೆ, ಸೆಕೆಂಡಿಗೆ ಹನ್ನೊಂದು ಸುತ್ತು ತಿರುಗುತ್ತದೆ. 1968ರಲ್ಲಿ ಆಸ್ಟ್ರೇಲಿಯಾದ ರೇಡಿಯೋ ಟೆಲಿಸ್ಕೋಪಿನಲ್ಲಿ ಅದು ಸಿಕ್ಕಿತು. ಪೆನ್ಸಿಲ್ ಇರುವುದು ಈ ಇಡೀ ಹರವಿನ ಪೂರ್ವದ ಕಡೆ. ಅಲ್ಲಿ ಆಘಾತದ ಅಲೆ ಸ್ವಲ್ಪ ದಟ್ಟವಾದ ಅನಿಲಕ್ಕೆ ಬಡಿದು, ಬಿಸಿಯಾಗಿ ಬೆಳಗುತ್ತಿದೆ. ನಮ್ಮಿಂದ ದೂರ ಸುಮಾರು 800 ಜ್ಯೋತಿರ್ವರ್ಷ.

ಇದನ್ನು ಮೊದಲು ಕಂಡವರು ಜಾನ್ ಹರ್ಷೆಲ್, 1835ರ ಮಾರ್ಚ್ 1ರಂದು. ಇಂಗ್ಲೆಂಡಿನ ಹರ್ಷೆಲ್ ಅದನ್ನು ಇಂಗ್ಲೆಂಡಿನಿಂದ ನೋಡಲು ಸಾಧ್ಯವೇ ಇರಲಿಲ್ಲ. ಟೆಲಿಸ್ಕೋಪನ್ನು ಹಡಗಿಗೆ ಹೇರಿಕೊಂಡು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ದಕ್ಷಿಣ ಆಫ್ರಿಕಾದ ಕೇಪಿಗೆ ಹೋಗಿ ನಾಲ್ಕು ವರ್ಷ ಇದ್ದರು. ಅಲ್ಲಿ 18 ಇಂಚಿನ ಕನ್ನಡಿಯಲ್ಲಿ ಕಣ್ಣಿಟ್ಟು ನೋಡುವಾಗ ಸಿಕ್ಕಿದ್ದು ಇದು. ತುಂಬ ಉದ್ದನೆಯ, ಕಿರಿದಾದ, ಅತ್ಯಂತ ಮಂಕಾದ ಬೆಳಕಿನ ಕಿರಣ ಅಂತ ಬರೆದಿಟ್ಟರು. ಆಗ ಆಕಾಶದ ಫೋಟೋಗ್ರಫಿ ಇಲ್ಲ. ಮನುಷ್ಯನ ಕಣ್ಣು, ಕತ್ತಲು, ತಾಳ್ಮೆ ಇಷ್ಟೇ. ನನಗೆ ಆ ಮನುಷ್ಯನ ಮೇಲೆ ಬಹಳ ಗೌರವ.

ಈಗ ನಮ್ಮ ಲೆಕ್ಕ ನೋಡಿ. ಪೆನ್ಸಿಲ್ ಆಕಾಶದ ಮಧ್ಯರೇಖೆಯಿಂದ, ಅಂದರೆ ಭೂಮಧ್ಯರೇಖೆಯ ನೇರ ಮೇಲಿನ ಗೆರೆಯಿಂದ, 46 ಡಿಗ್ರಿ ದಕ್ಷಿಣಕ್ಕಿದೆ. ಶಿರಸಿಯಿಂದ ನೋಡಿದರೆ ಅದು ದಿಗಂತದಿಂದ ಹೆಚ್ಚುಕಡಿಮೆ 29 ಡಿಗ್ರಿ ಮೇಲೆ ಬರುತ್ತದೆ. ದೆಹಲಿಯಲ್ಲಿ 15 ಡಿಗ್ರಿ ದಾಟುವುದೇ ಕಷ್ಟ. ಅಷ್ಟು ಕೆಳಗಿದ್ದರೆ ಬೆಳಕು ನಾಲ್ಕು ಪಟ್ಟಿನ ಹತ್ತಿರ ಗಾಳಿ ದಾಟಿ ಬರಬೇಕು, ನಮ್ಮಲ್ಲಿ ಎರಡು ಪಟ್ಟು. ಈ ವ್ಯತ್ಯಾಸ ಕಾಗದದ ಮೇಲೆ ಸಣ್ಣದು, ಫೋಟೋದಲ್ಲಿ ದೊಡ್ಡದು. ಅದು 20 ಡಿಗ್ರಿಗಿಂತ ಮೇಲಿರುವುದು ರಾತ್ರಿಗೆ ಸುಮಾರು ಐದು ಗಂಟೆ. ಫೆಬ್ರವರಿ ನಡುವಿನಲ್ಲಿ ಹನ್ನೆರಡು ಗಂಟೆ ಹೊತ್ತಿಗೆ ಸರಿಯಾಗಿ ದಕ್ಷಿಣದಲ್ಲಿ, ಎತ್ತರದಲ್ಲಿ ಇರುತ್ತದೆ. ದಿನಕ್ಕೆ ನಾಲ್ಕು ನಿಮಿಷದಂತೆ ಬೇಗ ಬರುವುದರಿಂದ ಮಾರ್ಚ್ ನಡುವಿಗೆ ಹತ್ತು ಗಂಟೆಗೇ ಸಿಗುತ್ತದೆ.

ಕಾವಲೂರಿನ ವೀಕ್ಷಣಾಲಯವನ್ನು ತಮಿಳುನಾಡಿನ ಜವ್ವಾದಿ ಬೆಟ್ಟದಲ್ಲಿ ಕಟ್ಟಲು ವೈನು ಬಪ್ಪು ಅವರು ಜಾಗ ಹುಡುಕುವಾಗ ನೋಡಿದ್ದರಲ್ಲಿ ದಕ್ಷಿಣದ ಆಕಾಶ ಸಿಗುವ ಈ ಲಾಭವೂ ಒಂದು. ಹನ್ನೆರಡೂವರೆ ಡಿಗ್ರಿಯಲ್ಲಿ ನಿಂತರೆ ಉತ್ತರದ ಆಕಾಶವೂ ಸಿಗುತ್ತದೆ, ದಕ್ಷಿಣದ್ದೂ ಸಿಗುತ್ತದೆ. ಅವರ ಹೆಸರಿನ 2.3 ಮೀಟರ್ ಟೆಲಿಸ್ಕೋಪು ಇವತ್ತಿಗೂ ಅಲ್ಲಿದೆ. ದೇಶದ ದೊಡ್ಡ ಖಗೋಳ ವಿಜ್ಞಾನಿ ಹುಡುಕಿಕೊಂಡು ಹೋದ ಆ ಲಾಭ ನಮಗೆ ಹುಟ್ಟಿದ ಊರಿನಲ್ಲೇ, ಸುಮ್ನೆ, ಪುಕ್ಕಟೆ ಸಿಕ್ಕಿದೆ.

ಮಂಕು ನೀಹಾರಿಕೆ ಅಂದರೆ ಜನ ಅದು ಚಿಕ್ಕದು ಅಂದುಕೊಳ್ಳುತ್ತಾರೆ, ದೊಡ್ಡ ಟೆಲಿಸ್ಕೋಪು ತಂದು ಜೂಮ್ ಮಾಡಿದರೆ ಸಿಗುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಪೆನ್ಸಿಲ್‌ನ ಉದ್ದ ಚಂದ್ರನ ಅಗಲಕ್ಕೆ ತೀರಾ ಕಡಿಮೆಯೇನಲ್ಲ. ಕಷ್ಟ ಇರುವುದು ಬೇರೆ ಕಡೆ. ಆ ಜಾಗದಿಂದ ಕ್ಯಾಮೆರಾಕ್ಕೆ ಬರುವ ಬೆಳಕಿನಲ್ಲಿ ಹೆಚ್ಚಿನ ಪಾಲು ನೀಹಾರಿಕೆಯದ್ದಲ್ಲ, ನಮ್ಮ ಆಕಾಶದ್ದೇ. ಊರಿನ ಬಲ್ಬು, ಚಂದ್ರ, ಮತ್ತೆ ಯಾವ ಬಲ್ಬೂ ಇಲ್ಲದಿದ್ದರೂ ಗಾಳಿಯೇ ತಾನಾಗಿ ಬೆಳಗುವ ಒಂದು ತೆಳು ಬೆಳಕು ಇರುತ್ತದೆ, ಅದೆಲ್ಲದರ ಮೇಲೆ ಒಂದು ಚಿಟಿಕೆಯಷ್ಟು ಮಾತ್ರ ನೀಹಾರಿಕೆಯದ್ದು. ಜೂಮ್ ಮಾಡಿದರೆ ಎರಡೂ ಒಟ್ಟಿಗೆ ಹಿಗ್ಗುತ್ತವೆ. ಹಾಗಾಗಿ ದೊಡ್ಡ ಟೆಲಿಸ್ಕೋಪಿಗಿಂತ ಕತ್ತಲೆ ಜಾಗ ಮುಖ್ಯ, ಅದಕ್ಕಿಂತ ಹೆಚ್ಚು ಹೊತ್ತು ಬೆಳಕು ಕೂಡಿಸುವುದು ಮುಖ್ಯ. ನನ್ನದು 400 ಮಿಲಿಮೀಟರ್ ಫೋಕಲ್ ಲೆಂಗ್ತಿನ ಸಣ್ಣ ಲೆನ್ಸಿನ ಟೆಲಿಸ್ಕೋಪು, ಒಂದು ಕೈಯಲ್ಲಿ ಎತ್ತಬಹುದು. ಈ ಕೆಲಸಕ್ಕೆ ಅದು ಸಾಕು.

ದುಡ್ಡು ಹಾಕಬೇಕಾದ್ದು ಮೌಂಟಿಗೆ, ಅಂದರೆ ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಯಂತ್ರಕ್ಕೆ. ಭೂಮಿ ತಿರುಗುತ್ತದೆ, ಐದು ನಿಮಿಷ ಕ್ಯಾಮೆರಾದ ಶಟರ್ ತೆರೆದಿಟ್ಟರೆ ನಕ್ಷತ್ರ ಗೆರೆಯಾಗುತ್ತದೆ. ಅದನ್ನು ತಪ್ಪಿಸಲು ಮೌಂಟು ಭೂಮಿಯ ವೇಗಕ್ಕೆ ಸರಿಯಾಗಿ ಹಿಂದಕ್ಕೆ ತಿರುಗಬೇಕು. ಅದರ ಅಕ್ಷ ಆಕಾಶದ ಧ್ರುವಕ್ಕೆ ಗುರಿ ಇಟ್ಟಿರಬೇಕು. ಇಲ್ಲಿ ನಮ್ಮ ಅಕ್ಷಾಂಶ ಕೊಟ್ಟ ಲಾಭಕ್ಕೆ ಬದಲಾಗಿ ಎರಡು ತೊಡಕು ಬರುತ್ತವೆ, ಕೊಳ್ಳುವ ಮೊದಲೇ ತಿಳಿದಿದ್ದರೆ ಒಳ್ಳೆಯದು. ಒಂದು, ಅಕ್ಷ ಬರೀ 14.6 ಡಿಗ್ರಿ ಮೇಲಕ್ಕೆ ಇರಬೇಕು, ಅಂದರೆ ಮೌಂಟು ಹೆಚ್ಚುಕಡಿಮೆ ಮಲಗಿದ ಹಾಗೆ. ಕೆಲವು ಮೌಂಟುಗಳು ಅಷ್ಟು ಕೆಳಗೆ ಬಾಗುವುದೇ ಇಲ್ಲ. ಬಾಗಿದರೂ ಟೆಲಿಸ್ಕೋಪಿನ ತೂಕ ಸರಿದೂಗಿಸುವ ಕೌಂಟರ್‌ವೇಟಿನ ಸರಳು ನೇರ ಕೆಳಗೆ ಇಳಿದು ಸ್ಟ್ಯಾಂಡಿನ ಉತ್ತರದ ಕಾಲಿಗೆ ತಾಗುತ್ತದೆ. ಯುರೋಪಿನವರಿಗೆ ಈ ಪ್ರಶ್ನೆಯೇ ಬರುವುದಿಲ್ಲ, ಹಾಗಾಗಿ ಪುಸ್ತಿಕೆಯಲ್ಲೂ ಇರುವುದಿಲ್ಲ. ನಾನು ಸ್ಟ್ಯಾಂಡಿಗೂ ಮೌಂಟಿಗೂ ನಡುವೆ ಒಂದು ಗೇಣುದ್ದದ ಕಬ್ಬಿಣದ ಪೈಪು ಹಾಕಿಸಿದ್ದೇನೆ. ಶಿರಸಿಯ ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಚಕ್ರ ಬೆಸೆದು, ಲೇತಿನಲ್ಲಿ ಮಟ್ಟ ಮಾಡಿಸಿ ತಂದದ್ದು. ಈಗ ಭಾರ ಕಾಲಿಗೆ ತಾಗದೆ ಸಲೀಸಾಗಿ ತಿರುಗುತ್ತದೆ.

ಇನ್ನೊಂದು ತೊಡಕು ಧ್ರುವ ನಕ್ಷತ್ರವೇ. ನಮ್ಮ ಕಡೆ ಮನೆ ಇರುವುದು ಗುಡ್ಡದ ಇಳಿಜಾರಿನಲ್ಲಿ. ಹಿಂದೆ ಸೊಪ್ಪಿನಬೆಟ್ಟ, ಮುಂದೆ ಕೆಳಗೆ ತೋಟ. ನಮ್ಮ ಬೆಟ್ಟ ಉತ್ತರಕ್ಕೆ. ಹದಿನಾಲ್ಕೂವರೆ ಡಿಗ್ರಿ ಎತ್ತರದ ಧ್ರುವ ನಕ್ಷತ್ರ ಮತ್ತಿ ಮರಗಳ ಹಿಂದೆ ಹೋಗಿಬಿಟ್ಟಿದೆ, ಅಂಗಳದಿಂದ ಕಾಣುವುದೇ ಇಲ್ಲ. ಆದರೂ ಕೆಲಸ ನಿಲ್ಲುವುದಿಲ್ಲ. ಈಗಿನ ಸಾಫ್ಟ್‌ವೇರು ಆಕಾಶದ ಬೇರೆ ಯಾವುದೋ ಮೂರು ಕಡೆ ಫೋಟೋ ತೆಗೆದು, ನಕ್ಷತ್ರಗಳ ಜೋಡಣೆ ಗುರುತಿಸಿ, ನಿನ್ನ ಅಕ್ಷ ಇಷ್ಟು ಎಡಕ್ಕಿದೆ, ಇಷ್ಟು ಮೇಲಕ್ಕಿದೆ ಅಂತ ಲೆಕ್ಕ ಹೇಳುತ್ತದೆ. ನೀನಾ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಈ ಸೌಲಭ್ಯ ಇದೆ. ತಿರುಪು ತಿರುಗಿಸುತ್ತ ಹೋದರೆ ಹತ್ತು ಹದಿನೈದು ನಿಮಿಷದ ಕೆಲಸ.

ಸಗಣಿ ಸಾರಿಸಿದ ಮಣ್ಣಿನ ಅಂಗಳದಲ್ಲಿ ಸ್ಟ್ಯಾಂಡಿನ ಕಾಲು ನಿಧಾನ ಹೂತುಕೊಳ್ಳುತ್ತದೆ. ಅದಕ್ಕೆ ಅಂಗಳದ ತುದಿಯಲ್ಲಿ ಮೂರು ಚಿರೆಕಲ್ಲು ಮಟ್ಟಸವಾಗಿ ಹುಗಿದು, ಪ್ರತಿ ಕಲ್ಲಿಗೆ ಉಳಿಯಲ್ಲಿ ಒಂದು ಗುಳಿ ಮಾಡಿದ್ದೇನೆ. ಕಾಲು ಪ್ರತಿ ರಾತ್ರಿ ಅದೇ ಗುಳಿಯಲ್ಲಿ ಕೂರುತ್ತದೆ, ಅರ್ಧ ಜೋಡಣೆ ಅಲ್ಲೇ ಮುಗಿದ ಹಾಗೆ. ಅಪ್ಪಯ್ಯ ಆ ಮೂಲೆ ನನಗೆ ಬಿಟ್ಟುಕೊಟ್ಟಿದ್ದಾನೆ, ಉಳಿದ ಅಂಗಳದ ತುಂಬ ಚಾಲಿ ಹರವಿರುತ್ತದೆ. ಕತ್ತಲಲ್ಲಿ ಅಡಿಕೆ ಮೆಟ್ಟದೆ ಓಡಾಡಬೇಕು.

ಆಕಾಶ ತಿಳಿಯಾಗುವುದು ದೀಪಾವಳಿ ಕಳೆದ ಮೇಲೆ. ಆದರೆ ಡಿಸೆಂಬರ್, ಜನವರಿಯಲ್ಲಿ ಎಲ್ಲ ಮನೆಗಳಲ್ಲೂ ಕೊನೆ ಕೊಯ್ಲು, ಅಡಿಕೆ ಸುಲಿಯುವುದು, ಬೇಯಿಸುವುದು. ಹಂಡೆಯ ಒಲೆ ರಾತ್ರಿ ತನಕ ಉರಿಯುತ್ತದೆ, ಹೊಗೆ ತೋಟದ ಕಣಿವೆಯಲ್ಲಿ ಅಡ್ಡ ಮಲಗಿಬಿಡುತ್ತದೆ. ನೆತ್ತಿಯ ಮೇಲಿನ ಒರಾಯನ್ನಿಗೆ ಅದರಿಂದ ತೊಂದರೆ ಇಲ್ಲ, ಕೆಳಗಿರುವ ವೇಲಾಕ್ಕೆ ಇದೆ. ಮಾರ್ಚ್ ಕೊನೆಗೆ ಹೋದರೆ ದರಕು ಸುಡುವುದು, ಬೆಟ್ಟಕ್ಕೆ ಬೆಂಕಿ ಬೀಳುವುದು ಶುರುವಾಗಿ ದಿಗಂತ ಮಸುಕಾಗುತ್ತದೆ. ಎರಡರ ನಡುವೆ ಫೆಬ್ರವರಿ ಮತ್ತು ಮಾರ್ಚಿನ ಮೊದಲ ಪಾಲು ಇದೆಯಲ್ಲ, ಅದು ಅಪ್ಪಟ ಚಿನ್ನ. ಅದರಲ್ಲೂ ಅಮಾವಾಸ್ಯೆಯ ಆಚೀಚಿನ ವಾರ. ಕರಾವಳಿಯವರಿಗೂ ಇದೇ ಹೊತ್ತು, ಆದರೆ ಕಾರವಾರ, ಕುಮಟಾದಲ್ಲಿ ಸಮುದ್ರದ ತೇವಕ್ಕೆ ಕೆಳಗಿನ ಆಕಾಶ ಬೇಗ ಬೆಳ್ಳಗಾಗುತ್ತದೆ. ಘಟ್ಟ ಹತ್ತಿ ಮೇಲೆ ಬಂದರೆ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ.

ಇಬ್ಬನಿ ಮಾತ್ರ ಎಲ್ಲ ಕಡೆ ಇದೆ. ಹನ್ನೊಂದು ಗಂಟೆ ದಾಟಿದರೆ ಅಡಿಕೆ ಸೋಗೆಯಿಂದ ತೊಟ್ಟಿಕ್ಕುವ ಸದ್ದು ಕೇಳಲು ಶುರುವಾಗುತ್ತದೆ. ಲೆನ್ಸಿನ ಗಾಜು ಆಕಾಶಕ್ಕೆ ಮುಖ ಮಾಡಿ ತನ್ನ ಬಿಸಿಯನ್ನೆಲ್ಲ ಮೇಲಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಂಪಾಗುತ್ತದೆ. ಆಗ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಮೊದಲು ಅಂಚಿನಲ್ಲಿ ಒಂದು ಬೂದು ಉಂಗುರ, ಆಮೇಲೆ ನಡುವಿಗೆ. ಫೋಟೋದಲ್ಲಿ ನಕ್ಷತ್ರಗಳ ಸುತ್ತ ಹಾಲಿನಂಥ ಪರದೆ ಬಂತು ಅಂದರೆ ಇಬ್ಬನಿ ಕೂತಿದೆ ಅಂತ ಅರ್ಥ. ಬಟ್ಟೆಯಲ್ಲಿ ಒರೆಸಲೇಬಾರದು, ಗಾಜಿನ ಲೇಪ ಹಾಳಾಗುತ್ತದೆ. ಲೆನ್ಸಿನ ಸುತ್ತ ಕಟ್ಟುವ ಹೀಟರ್ ಪಟ್ಟಿ ಸಿಗುತ್ತದೆ, 12 ವೋಲ್ಟಿನಲ್ಲಿ ನಡೆಯುತ್ತದೆ. ಗಾಜನ್ನು ಸುತ್ತಲಿನ ಗಾಳಿಗಿಂತ ಒಂದೆರಡು ಡಿಗ್ರಿ ಬೆಚ್ಚಗೆ ಇಟ್ಟರೆ ಸಾಕು. ಎಲ್ಲದಕ್ಕೂ ಬ್ಯಾಟರಿಯಿಂದಲೇ ಕರೆಂಟು ಕೊಡುತ್ತೇನೆ, ನಮ್ಮ ಕಡೆ ಲೈನಿನ ಮೇಲೆ ಕೊಂಬೆ ಬಿದ್ದರೆ ಬೆಳಗಿನ ತನಕ ಕರೆಂಟಿಲ್ಲ.

ಬೆಳಕಿನ ವಿಷಯದಲ್ಲಿ ನನ್ನ ಅದೃಷ್ಟ ದೊಡ್ಡದು. ಮನೆ ಶಿರಸಿಯಿಂದ ಸಿದ್ದಾಪುರದ ಕಡೆಗಿದೆ, ಪೇಟೆಯ ಬೆಳಕು ಬೆನ್ನ ಹಿಂದೆ. ಎದುರಿಗೆ ಕಾಡು. ಇರುವುದು ಕೆಳಗಿನ ಮನೆಯ ಒಂದು ಎಲ್‌ಇಡಿ ಬಲ್ಬು ಅಷ್ಟೇ. ಅದಕ್ಕೂ ದೊಡ್ಡಾಯಿ ರಾತ್ರಿ ಊಟ ಮುಗಿಸಿ ಜಗಲಿಗೆ ಬಂದು, 'ಲೈಟ್ ಆರ್ಸವಾ ತಮಾ?' ಅಂತ ಕೂಗಿ ಕೇಳುತ್ತಾಳೆ. ಹೌದು ಅಂದರೆ ಕ್ಷಣದಲ್ಲಿ ಕಣಿವೆ ಕಪ್ಪಾಗುತ್ತದೆ. ಬೆಂಗಳೂರಿನಲ್ಲಿ ಇದೇ ಹವ್ಯಾಸ ಇರುವವರು ಈ ಒಂದು ಉಪಕಾರಕ್ಕೆ ಏನು ಬೇಕಾದರೂ ಕೊಟ್ಟಾರು.

ಇನ್ನು ಫಿಲ್ಟರು. ನೀಹಾರಿಕೆ ಬಲ್ಬಿನ ಹಾಗೆ ಎಲ್ಲ ಬಣ್ಣದಲ್ಲೂ ಬೆಳಗುವುದಿಲ್ಲ. ಬಿಸಿ ಅನಿಲ ಕೆಲವೇ ಕೆಲವು ಬಣ್ಣ ಉಗುಳುತ್ತದೆ. ಹೈಡ್ರೋಜನ್ನಿನ ಕೆಂಪು 656.3 ನ್ಯಾನೋಮೀಟರಿನಲ್ಲಿ, ಆಮ್ಲಜನಕದ ಹಸಿರು ನೀಲಿ 500.7ರಲ್ಲಿ. ಈ ಎರಡು ಸಣ್ಣ ಕಿಂಡಿ ಬಿಟ್ಟು ಉಳಿದ ಬೆಳಕನ್ನೆಲ್ಲ ತಡೆಯುವ ಫಿಲ್ಟರು ಹಾಕಿದರೆ ಆಕಾಶದ ಬೆಳಕಿನ ಬಹುಪಾಲು ಹೊರಗೇ ಉಳಿಯುತ್ತದೆ, ನೀಹಾರಿಕೆ ಒಳಗೆ ಬರುತ್ತದೆ. ಮಾಮೂಲಿ ಡಿಎಸ್‌ಎಲ್ಆರ್ ಇರುವವರು ಒಂದು ವಿಷಯ ಗಮನಿಸಿ. ಅದರ ಸೆನ್ಸರಿನ ಮುಂದೆ ಕಂಪನಿಯವರೇ ಕೂರಿಸಿದ ಗಾಜು ಈ ಹೈಡ್ರೋಜನ್ ಕೆಂಪಿನ ಬಹುಪಾಲನ್ನು ತಡೆಯುತ್ತದೆ. ಆ ಗಾಜು ತೆಗೆಸಿದ ಕ್ಯಾಮೆರಾ ಅಥವಾ ಆಕಾಶಕ್ಕೆಂದೇ ಮಾಡಿದ ಕ್ಯಾಮೆರಾ ಇದ್ದರೆ ಕೆಲಸ ಎಷ್ಟೋ ಹಗುರ. ಮತ್ತೆ ಚಂದ್ರ ಇದ್ದ ರಾತ್ರಿ ಕೆಂಪು ಹೇಗೋ ಸಿಗುತ್ತದೆ, ಆಮ್ಲಜನಕದ ಹಸಿರು ಸಿಗುವುದಿಲ್ಲ. ದಿಗಂತಕ್ಕೆ ಹತ್ತಿರ ಹೋದಷ್ಟೂ ಗಾಳಿ ಹಸಿರನ್ನೇ ಜಾಸ್ತಿ ನುಂಗುತ್ತದೆ.

ಆ ಹಸಿರು ಗೆರೆಯ ಹಿಂದೆ ಒಂದು ಕಥೆ ಇದೆ, ನನಗೆ ಬಹಳ ಇಷ್ಟದ್ದು. 1864ರಲ್ಲಿ ವಿಲಿಯಂ ಹಗ್ಗಿನ್ಸ್ ಎಂಬ ಇಂಗ್ಲಿಷರು ನೀಹಾರಿಕೆಯೊಂದರ ಬೆಳಕನ್ನು ಸ್ಪೆಕ್ಟ್ರೋಸ್ಕೋಪಿನಲ್ಲಿ ಬಿಡಿಸಿ ನೋಡಿದರು. ಕಾಮನಬಿಲ್ಲಿನ ಪಟ್ಟಿ ಬರಲಿಲ್ಲ, ಬರೀ ಕೆಲವು ಹೊಳೆಯುವ ಗೆರೆ ಬಂದವು. ಅಂದರೆ ಅದು ದೂರದ ನಕ್ಷತ್ರಗಳ ಗುಂಪಲ್ಲ, ಅನಿಲ. ಅದರಲ್ಲಿ ಹಸಿರು ಗೆರೆ ಭೂಮಿಯ ಮೇಲೆ ಗೊತ್ತಿದ್ದ ಯಾವ ಮೂಲವಸ್ತುವಿಗೂ ಹೊಂದಲಿಲ್ಲ. ಹೊಸ ಮೂಲವಸ್ತು ಇರಬೇಕು ಅಂದುಕೊಂಡು ಅದಕ್ಕೆ ನೆಬ್ಯುಲಿಯಂ ಅಂತ ಹೆಸರೂ ಇಟ್ಟರು. ಅರವತ್ತು ವರ್ಷ ಆ ಗೆರೆ ಒಗಟಾಗಿಯೇ ಉಳಿಯಿತು. 1927ರಲ್ಲಿ ಐರಾ ಬೋವೆನ್ ಲೆಕ್ಕ ಹಾಕಿ ತೋರಿಸಿದರು, ಇದು ನಾವು ಉಸಿರಾಡುವ ಆಮ್ಲಜನಕವೇ, ಎರಡು ಎಲೆಕ್ಟ್ರಾನ್ ಕಳೆದುಕೊಂಡದ್ದು. ಭೂಮಿಯ ಮೇಲೆ ಅಣುಗಳು ಒಂದಕ್ಕೊಂದು ಬಡಿಯುತ್ತಲೇ ಇರುವುದರಿಂದ ಆ ಬೆಳಕು ಹೊರಬರಲು ಪುರುಸೊತ್ತೇ ಸಿಗುವುದಿಲ್ಲ. ಅಲ್ಲಿ ಅನಿಲ ಅಷ್ಟು ತೆಳುವಾಗಿರುವುದಕ್ಕೇ ಸಿಗುತ್ತದೆ.

ಈ ಕಥೆಗೆ ನಮ್ಮ ಕರ್ನಾಟಕದ ಒಂದು ಕೊಂಡಿಯೂ ಇದೆ. ಪೆನ್ಸಿಲ್ ಕಂಡ ಜಾನ್ ಹರ್ಷೆಲ್‌ಗೆ ಅದೇ ಹೆಸರಿನ ಮಗನಿದ್ದ, ಲೆಫ್ಟಿನೆಂಟ್ ಜಾನ್ ಹರ್ಷೆಲ್, ಭಾರತದಲ್ಲಿ ಸರ್ವೆ ಕೆಲಸದಲ್ಲಿದ್ದರು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಅವರು ಸ್ಪೆಕ್ಟ್ರೋಸ್ಕೋಪ್ ಹಿಡಿದು ನೋಡಿದ್ದು ಜಮಖಂಡಿಯಿಂದ. ಆಗಸ್ಟ್ ತಿಂಗಳು, ಮಳೆಗಾಲ, ಮೋಡದ ನಡುವೆಯೇ ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಹೊಳೆಯುವ ಗೆರೆ ಕಂಡರು. ಭಾರತದಲ್ಲಿದ್ದಾಗಲೇ ದಕ್ಷಿಣದ ಆಕಾಶದ ನೀಹಾರಿಕೆಗಳ ಬೆಳಕನ್ನೂ ಹೀಗೆ ಬಿಡಿಸಿ ನೋಡಿ ವರದಿ ಕಳಿಸಿದರು. ಅಪ್ಪ ಕೇಪಿಗೆ ಹೋಗಿ ಪಟ್ಟಿ ಮಾಡಿದ್ದನ್ನು ಮಗ ನಮ್ಮ ಸೀಮೆಯ ಆಕಾಶದಿಂದ ಮತ್ತೆ ನೋಡಿದರು ಅಂತ ಓದಿದಾಗ ನನಗೆ ಮೈ ಜುಮ್ ಅಂದಿತ್ತು.

ಸರಿ, ಫೋಟೋಕ್ಕೆ ಬರೋಣ. ಒಂದೊಂದು ಫ್ರೇಮು ಐದು ನಿಮಿಷ. ಹೊರಗೆ 15, 16 ಡಿಗ್ರಿ ಇರುವಾಗ ಕ್ಯಾಮೆರಾದ ಸೆನ್ಸರನ್ನು ಮೈನಸ್ 10ಕ್ಕೆ ತಂಪು ಮಾಡಿರುತ್ತೇನೆ, ಬಿಸಿ ಇದ್ದರೆ ಬೆಳಕಿಲ್ಲದೆಯೂ ಚುಕ್ಕಿಗಳು ಬರುತ್ತವೆ. ಪಕ್ಕದಲ್ಲಿ ಒಂದು ಪುಟ್ಟ ಗೈಡ್ ಟೆಲಿಸ್ಕೋಪು ಒಂದು ನಕ್ಷತ್ರವನ್ನು ಹಿಡಿದಿಟ್ಟುಕೊಂಡು, ಮೌಂಟು ಚೂರು ಅತ್ತಿತ್ತ ಸರಿದರೂ ತಿದ್ದುತ್ತ ಇರುತ್ತದೆ. ಒಂದು ಫ್ರೇಮನ್ನು ತೆರೆದು ನೋಡಿದರೆ ಕಪ್ಪು, ನಕ್ಷತ್ರ, ಕಾಳು ಕಾಳಾದ ಗದ್ದಲ. ಪೆನ್ಸಿಲ್ ಇದೆಯೋ ಇಲ್ಲವೋ ಅನ್ನುವ ಹಾಗೆ. ಇಂಥ ಫ್ರೇಮುಗಳನ್ನು ಒಂದರ ಮೇಲೊಂದು ಕೂಡಿಸಿದರೆ ನೀಹಾರಿಕೆಯ ಬೆಳಕು ಫ್ರೇಮಿನ ಸಂಖ್ಯೆಯಷ್ಟೇ ಪಟ್ಟು ಬೆಳೆಯುತ್ತದೆ, ಗದ್ದಲ ಬೆಳೆಯುವುದು ಅದರ ವರ್ಗಮೂಲದಷ್ಟು ಮಾತ್ರ. ಇಡೀ ಹವ್ಯಾಸ ನಿಂತಿರುವುದು ಈ ಒಂದು ಲೆಕ್ಕದ ಮೇಲೆ. ಒಂದು ಗಂಟೆಯ ಚಿತ್ರಕ್ಕಿಂತ ಎರಡು ಪಟ್ಟು ಚೆಂದದ್ದು ಬೇಕು ಅಂದರೆ ನಾಲ್ಕು ಗಂಟೆ, ಅದಕ್ಕಿಂತ ಎರಡು ಪಟ್ಟು ಅಂದರೆ ಹದಿನಾರು ಗಂಟೆ. ರಾತ್ರಿಗೆ ಐದೇ ಗಂಟೆ ಸಿಗುವಾಗ ಹದಿನಾರು ಗಂಟೆ ಕೂಡಿಸುವುದು ಅಂದರೆ ಅಮಾವಾಸ್ಯೆಗೆ ಕಾಯುವುದು, ಮೋಡ ಬಂದರೆ ಮತ್ತೆ ಕಾಯುವುದು. ಅವಸರ ಇರುವವರಿಗೆ ಇದು ಆಗದು. ಅಡಿಕೆ ಸಸಿ ನೆಟ್ಟು ಫಲಕ್ಕೆ ವರ್ಷಗಟ್ಟಲೆ ಕಾಯುವ ಜನ ನಾವು, ನಮಗೆ ಆದೀತು.

ಕೂಡಿಸಲು ಸಿರಿಲ್ ಎಂಬ ಸಾಫ್ಟ್‌ವೇರು ಬಳಸುತ್ತೇನೆ, ಅದೂ ಪುಕ್ಕಟೆ. ಡಾರ್ಕ್ ಫ್ರೇಮು, ಫ್ಲ್ಯಾಟ್ ಫ್ರೇಮು ತೆಗೆಯುವುದನ್ನು ಬಿಡಬೇಡಿ. ಲೆನ್ಸಿಗೆ ಮುಚ್ಚಳ ಹಾಕಿ ಅದೇ ಐದು ನಿಮಿಷ ತೆಗೆದರೆ ಸೆನ್ಸರಿನ ಸ್ವಂತ ಚುಕ್ಕಿಗಳು ಸಿಗುತ್ತವೆ, ಅವನ್ನು ಕಳೆಯಬಹುದು. ಬೆಳಗಾದ ಮೇಲೆ ಟೆಲಿಸ್ಕೋಪಿನ ಬಾಯಿಗೆ ಬಿಳಿ ಬಟ್ಟೆ ಬಿಗಿದು ತೆಗೆದರೆ ಧೂಳಿನ ಕಲೆ, ಅಂಚಿನ ಕತ್ತಲು ಸಿಗುತ್ತದೆ, ಅದರಿಂದ ಭಾಗಿಸಬಹುದು. ಮಂಕು ನೀಹಾರಿಕೆಯಲ್ಲಿ ಇದು ಬಹಳ ಮುಖ್ಯ. ಒಂದು ಧೂಳಿನ ಕಲೆ ನೀಹಾರಿಕೆಗಿಂತ ಜೋರಾಗಿ ಕಾಣುತ್ತದೆ. ಬಣ್ಣ ಎಳೆಯುವಾಗ ಕೈ ಬಿಗಿ ಹಿಡಿಯಬೇಕು. ಸಿಕ್ಕಷ್ಟು ಬೆಳಕಿಗಿಂತ ಹೆಚ್ಚು ತೋರಿಸಲು ಹೋದರೆ ಚಿತ್ರ ಸುಳ್ಳಾಗುತ್ತದೆ. ಈಗ ಎಐ ಹಾಕಿ ಗದ್ದಲ ಒರೆಸುವ ಸಾಧನಗಳು ಬಂದಿವೆ, ನಾನೂ ಹದವಾಗಿ ಬಳಸುತ್ತೇನೆ, ಆದರೆ ಇಲ್ಲದ ಎಳೆಯನ್ನು ಅದು ಹೆಣೆದುಬಿಡುವ ಅಪಾಯ ಇದೆ. ಪ್ರತಿ ಸಲವೂ ಕೂಡಿಸಿದ ಮೂಲ ಚಿತ್ರವನ್ನು ಪಕ್ಕಕ್ಕಿಟ್ಟು ಹೋಲಿಸಿ ನೋಡುತ್ತೇನೆ.

ಬಂದ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಪೆನ್ಸಿಲ್ ಒಂದು ಗೆರೆಯಲ್ಲ. ಒಂದು ಬದಿ ಚೂಪಾಗಿ ಕತ್ತರಿಸಿದ ಹಾಗಿದೆ, ಅಲೆ ಮುಂದೆ ನುಗ್ಗುತ್ತಿರುವ ಬದಿ ಅದು. ಇನ್ನೊಂದು ಬದಿಯಲ್ಲಿ ಎಳೆ ಎಳೆಯಾಗಿ ಬಿಚ್ಚಿಕೊಂಡು ಕತ್ತಲಲ್ಲಿ ಕರಗುತ್ತದೆ. ಒಂದೇ ಜಾಗದಲ್ಲಿ ಹಸಿರು ನೀಲಿ ಎಳೆ ಒಂದು ಕಡೆ, ಅದಕ್ಕೆ ತಾಗಿಯೇ ಕೆಂಪು ಎಳೆ ಇನ್ನೊಂದು ಕಡೆ. ಆಮ್ಲಜನಕ ಹೊಳೆಯುವಲ್ಲಿ ಅನಿಲ ಇನ್ನೂ ಬಹಳ ಬಿಸಿ, ಕೆಂಪು ಇರುವಲ್ಲಿ ಆರಿದೆ. ಬಣ್ಣ ನೋಡಿದರೆ ಬಿಸಿ ಎಲ್ಲಿದೆ ಅಂತ ಓದಬಹುದು, ಇದನ್ನು ನನ್ನ ಅಂಗಳದ ಚಿತ್ರದಲ್ಲೇ ಓದಿದಾಗ ಆದ ಸಂತೋಷ ಹೇಳತೀರದು.

ಆಯಿ ಬೆಳಿಗ್ಗೆ ಚಹಾ ಕೊಡಲು ಬಂದವಳು ಲ್ಯಾಪ್‌ಟಾಪಿನ ಮೇಲೆ ಬಗ್ಗಿ ನೋಡಿದಳು. 'ಒಲೆ ಬಾಯಿಂದ ಹೊಗೆ ಬಂದಂಗೆ ಇದ್ದಲಾ ತಮಾ' ಅಂದಳು. ನಾನು ಅದು ಸಿಡಿದ ನಕ್ಷತ್ರದ್ದು, ಸಿಡಿದು ಹನ್ನೊಂದು ಸಾವಿರ ವರ್ಷ ಆಯ್ತು ಅಂದೆ. ಸ್ವಲ್ಪ ಹೊತ್ತು ನೋಡಿ, 'ಇನ್ನೂ ಆರಿದ್ದಿಲ್ಯಾ?' ಅಂತ ಕೇಳಿದಳು. ಇಷ್ಟು ಸರಿಯಾದ ಪ್ರಶ್ನೆಯನ್ನು ಈ ಚಿತ್ರ ನೋಡಿದ ಬೇರೆ ಯಾರೂ ಕೇಳಿಲ್ಲ.

ಆರಿಲ್ಲ ಅಷ್ಟೇ ಅಲ್ಲ, ಓಡುತ್ತಿದೆ. ಪೆನ್ಸಿಲ್‌ನ ವೇಗ ಗಂಟೆಗೆ ಸುಮಾರು ಆರೂವರೆ ಲಕ್ಷ ಕಿಲೋಮೀಟರ್. ಒಂದು ದಿನ ಕುತೂಹಲಕ್ಕೆ ಲೆಕ್ಕ ಹಾಕಿದೆ. ಇಷ್ಟು ವೇಗದಲ್ಲಿ, 800 ಜ್ಯೋತಿರ್ವರ್ಷ ದೂರದಲ್ಲಿ, ಅದು ನಮ್ಮ ನೋಟಕ್ಕೆ ಅಡ್ಡಲಾಗಿಯೇ ಸರಿಯುತ್ತಿದೆ ಅಂತ ಇಟ್ಟುಕೊಂಡರೆ ನನ್ನ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಜಾಗ ದಾಟಲು ಹನ್ನೆರಡು ಹದಿಮೂರು ವರ್ಷ ಬೇಕು. ಮನುಷ್ಯನ ಆಯಸ್ಸಿನ ಲೆಕ್ಕದಲ್ಲಿ ಇದು ಜಾಸ್ತಿಯೇನಲ್ಲ. ಇಪ್ಪತ್ತೈದು ವರ್ಷ ಬಿಟ್ಟು ಇದೇ ಟೆಲಿಸ್ಕೋಪಿನಲ್ಲಿ ಮತ್ತೆ ತೆಗೆದರೆ ಆ ಚೂಪು ಅಂಚು ಎರಡು ಪಿಕ್ಸೆಲ್ ಮುಂದೆ ಹೋಗಿರುವುದನ್ನು ಹಿಂದಿನ ನಕ್ಷತ್ರಗಳಿಗೆ ಹೋಲಿಸಿ ಅಳೆಯಲು ಆಗಬೇಕು. ಹಾಗಾಗಿ ಕಚ್ಚಾ ಫೈಲು ಒಂದನ್ನೂ ಅಳಿಸುತ್ತಿಲ್ಲ. ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿನಲ್ಲಿ ತಾರೀಖು, ಫಿಲ್ಟರು, ಲೆನ್ಸಿನ ಅಳತೆ ಎಲ್ಲ ಬರೆದು ಇಟ್ಟಿದ್ದೇನೆ. ನೀವೂ ಹಾಗೇ ಮಾಡಿ, ಫೇಸ್‌ಬುಕ್ಕಿಗೆ ಹಾಕಿದ ಜೆಪೆಗ್ ಇದಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ಮುಂದಿನ ಚಳಿಗಾಲಕ್ಕೆ ಇಡೀ ವೇಲಾ ಅವಶೇಷ, ಎಂಟು ಡಿಗ್ರಿ, ಒಂದೇ ಚಿತ್ರದಲ್ಲಿ ತೆಗೆಯಬೇಕು ಅಂತ ಇದೆ. ನನ್ನ ಟೆಲಿಸ್ಕೋಪಿನಲ್ಲಿ ಒಂದು ಸಲಕ್ಕೆ ಹಿಡಿಯುವುದು ಮೂರೂವರೆ ಡಿಗ್ರಿಯಷ್ಟು ಅಗಲ. ಭಾವನ ಹತ್ತಿರ ಮದುವೆ ಫೋಟೋಕ್ಕೆ ಬಳಸುವ 135 ಮಿಲಿಮೀಟರಿನ ಲೆನ್ಸು ಇದೆ, ಅದನ್ನು ನನ್ನ ಕ್ಯಾಮೆರಾಕ್ಕೆ ಅಡಾಪ್ಟರ್ ಹಾಕಿ ಕೂರಿಸಿದರೆ ಹತ್ತು ಡಿಗ್ರಿ ಅಗಲ ಸಿಗುತ್ತದೆ. ಕೇಳಿದ್ದಕ್ಕೆ ಮದುವೆ ಇಲ್ಲದ ದಿನ ಒಯ್ಯಿ ಅಂದಿದ್ದಾನೆ, ಲೆನ್ಸಿಗೆ ಫಂಗಸ್ ಬರಬಾರದು ಅನ್ನುವುದೊಂದೇ ಅವನ ಷರತ್ತು. ನನ್ನ ಹೀಟರ್ ಪಟ್ಟಿ ಆ ಲೆನ್ಸಿಗೂ ಸರಿಹೋಗುತ್ತದೆ, ಸುತ್ತಿ ನೋಡಿದ್ದೇನೆ.